ತನ್ನ ಮೇಲೇ ಮಡಚಿಕೊಂಡ ನೂಲು

ಆರ್‌ಎನ್‌ಎ ಎಂಬ ಮಾತು ಉಮಾವತಿಯ ಕಿವಿಗೆ ಮೊದಲು ಬಿದ್ದದ್ದು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ, ತಮ್ಮ ಭೋಜರಾಜ ಡಾಕ್ಟರ ಕೈ ಹಿಡಿದವನು ಬಿಡದೆ ಕೂತಿದ್ದಾಗ.

ಹಿಡಿಯಲು ಹೇಳಿದ್ದು ಮಂಗಳೂರಿನವರೇ ಆದ ಡಾಕ್ಟರ್ ನಾಝಿಯಾ. "ಗಟ್ಟಿ ಹಿಡಿಯಿರಿ. ಹ್ಞಾಂ, ಈಗ ಬಿಡಿ" ಎಂದರು. ಭೋಜರಾಜನಿಗೆ ಬಿಡುವ ಮನಸ್ಸಿತ್ತು, ಬೆರಳುಗಳಿಗಿರಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಬೇಕಾಯಿತು.

"ಎಂತ ಇಲ್ಲ ಡಾಕ್ಟ್ರೇ, ಕತ್ತರಿ ಹಿಡಿದು ಹಿಡಿದು ಹೀಗೆ" ಎಂದು ನಕ್ಕ.

ಅವನು ಅಲ್ ಖೌದ್‌ನಲ್ಲಿ ಇಪ್ಪತ್ತಾರು ವರ್ಷಗಳಿಂದ ಒಮಾನಿ ಗಂಡಸರ ಉದ್ದ ನಿಲುವಂಗಿ ಹೊಲಿಯುವವ. ಅಲ್ಲಿನ ಹಿರಿಯರು ಕೈ ಹಿಡಿದರೆ ಆರೋಗ್ಯ, ಮನೆ, ಮಕ್ಕಳು, ಊರ ಸುದ್ದಿ ಎಲ್ಲ ವಿಚಾರಿಸಿದ ಮೇಲೇ ಬಿಡುವುದು. ಭೋಜರಾಜ ಅದಕ್ಕಿಂತಲೂ ಒಂದು ಗಳಿಗೆ ಹೆಚ್ಚು ಹಿಡಿದಿರುತ್ತಿದ್ದ. ಇವನಿಗೆ ಮನುಷ್ಯರೆಂದರೆ ಎಷ್ಟು ಪ್ರೀತಿ ಎಂದು ಗಿರಾಕಿಗಳು ಮೆಚ್ಚಿ, ತಮ್ಮ ಅಣ್ಣತಮ್ಮಂದಿರನ್ನೂ ಅವನ ಅಂಗಡಿಗೇ ಕರೆತಂದರು. ಕಾಯಿಲೆಯೇ ಅಂಗಡಿಗೆ ಹೆಸರು ತಂದುಕೊಟ್ಟಾಗ ಅದನ್ನು ಕಾಯಿಲೆ ಎನ್ನುವವರು ಯಾರು? ನಲವತ್ತೆಂಟಕ್ಕೇ ಕಣ್ಣಿಗೆ ಪೊರೆ ಬಂದದ್ದು ನೋಡಿ ಸಂಶಯಪಟ್ಟ ಕಣ್ಣಿನ ಡಾಕ್ಟರು ಅವನನ್ನು ಇಲ್ಲಿಗೆ ಕಳಿಸಿದ್ದರು.

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ?"

"ಇಲ್ಲ" ಎಂದ ಭೋಜರಾಜ.

"ಇತ್ತು" ಎಂದಳು ಉಮಾವತಿ. ಊರಿಂದ ತಮ್ಮನ ಮನೆಗೆ ಬಂದಿದ್ದ ಅವಳು ಕಲಿತದ್ದು ಮೂರನೆಯ ಕ್ಲಾಸು. ಆದರೆ ಕಂಡದ್ದೊಂದೂ ಅವಳ ತಲೆಯಿಂದ ಹೋಗುವುದಿಲ್ಲ. "ನಮ್ಮಮ್ಮ ಬೀಡಿ ಕಟ್ಟುವವರು. ಕತ್ತರಿ ಕೆಳಗಿಡಬೇಕಾದರೆ ಎಡಗೈಯಿಂದ ಬಲಗೈಯ ಬೆರಳು ಒಂದೊಂದೇ ಬಿಡಿಸ್ತಿದ್ರು. ಬೀಡಿಯ ಎಲೆ ಮಬ್ಬು ಕಾಣ್ತದೆ ಅಂತ ನಲವತ್ತರಲ್ಲೇ ನನ್ನ ಕೈಯಲ್ಲಿ ಕೊಡ್ತಿದ್ರು. ಐವತ್ತೆರಡಕ್ಕೆ, ಅಂಗಳದಲ್ಲಿ ಬಟ್ಟೆ ಒಣಗಿಸ್ತಾ ಇದ್ದವರು ಹಾಗೇ ಬಿದ್ದು ಹೋದ್ರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದು ಒಂದು ತರದ ಸ್ನಾಯುರೋಗ ಇರಬೇಕು. ರಕ್ತ ನೋಡಿ ಖಚಿತ ಹೇಳ್ತೇನೆ. ಜೀವಕೋಶದಲ್ಲಿ ಒಂದು ಮೂಲ ಪುಸ್ತಕ ಇರ್ತದೆ. ಕೆಲಸಕ್ಕೆ ಬೇಕಾದಾಗ ಅದರಿಂದ ನಕಲು ತೆಗೀತಾರೆ. ಆ ನಕಲೇ ಆರ್‌ಎನ್‌ಎ, ಉದ್ದ ನೂಲಿನ ಹಾಗೆ. ಈ ರೋಗದಲ್ಲಿ ಒಂದು ಕಡೆ ಮೂರೇ ಅಕ್ಷರ ನೂರಾರು ಸಲ ಬಂದಿರ್ತದೆ. ಆಗ ಆ ನೂಲು ನೇರ ನಿಲ್ಲದೆ ತನ್ನ ಮೇಲೇ ಮಡಚಿಕೊಳ್ತದೆ."

ಉಮಾವತಿ ತಮ್ಮನ ಅಂಗಿಗೆ ಅಂಟಿದ್ದ ಬಿಳಿ ನೂಲೊಂದನ್ನು ಕಿತ್ತು ಬಿಗಿಯಾಗಿ ಹುರಿ ಮಾಡಿದಳು. ತುದಿಗಳನ್ನು ಹತ್ತಿರ ತಂದೊಡನೆ ನೂಲು ಮಡಚಿ ತನಗೆ ತಾನೇ ಸುತ್ತಿಕೊಂಡಿತು. "ಹೀಗಾ?"

"ಹೀಗೇ ಅಮ್ಮ! ಬೇರೆ ನಕಲುಗಳನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಅಂತ ನೋಡುವ ಕೆಲಸದವರು ಈ ಸುರುಳಿಗೆ ಸಿಕ್ಕಿಬೀಳ್ತಾರೆ. ಕೈಯ ಕೆಲಸ, ಕಣ್ಣಿನದ್ದು, ಹೃದಯದ್ದು, ಎಲ್ಲ ಕೆಡ್ತದೆ."

"ಅಂದ್ರೆ ಆ ಕತ್ತರಿಸಿ ಜೋಡಿಸುವ ಟೈಲರುಗಳು ಕೆಟ್ಟವರಲ್ಲ, ಸಿಕ್ಕಿಬಿದ್ದದ್ದು. ಬಿಡಿಸಿದ್ರೆ ಪುನಃ ಹೊಲೀತಾರಾ?"

"ಬಿಡಿಸುವ ಮದ್ದು ಈಗ ರೋಗಿಗಳಲ್ಲಿ ಪರೀಕ್ಷೆ ಆಗ್ತಾ ಉಂಟು. ಅಂಗಡಿಗೆ ಇನ್ನೂ ಬರ್ಲಿಲ್ಲ. ಆದರೆ ಹೃದಯವನ್ನು ಈಗಲೇ ಕಾಯಬಹುದು." ಡಾಕ್ಟರು ಭೋಜರಾಜನ ಕಡೆ ತಿರುಗಿದರು. "ಮಕ್ಕಳಿದ್ದಾರಾ? ತಲೆಮಾರು ಇಳಿದ ಹಾಗೆ ಇದು ಜೋರಾಗುವುದುಂಟು. ಅರಿವಳಿಕೆ ಕೊಡುವವರಿಗಂತೂ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಜೀವಕ್ಕೇ ಅಪಾಯ."

ಭೋಜರಾಜನ ಒಬ್ಬಳೇ ಮಗಳು ಅಕ್ಷಯಾಗೆ ದವಡೆಯೊಳಗೆ ಅಡ್ಡ ಬೆಳೆದ ಹಲ್ಲಿತ್ತು. ಹತ್ತು ದಿನದಲ್ಲಿ ಅವಳನ್ನು ಅರಿವಳಿಕೆ ಕೊಟ್ಟು ಮಲಗಿಸಿ ಅದನ್ನು ತೆಗೆಯುವುದೆಂದು ನಿಶ್ಚಯವಾಗಿತ್ತು. ಹತ್ತಿರದ ಸೀಬ್‌ನ ಅಕ್ಷಿತ್ ಎಂಬ ಹುಡುಗನ ಜೊತೆ ಮದುವೆಯ ಮಾತೂ ನಡೆದಿತ್ತು.

ಕಾರಿನಲ್ಲಿ ಅವನು ಬಾಯಿ ಬಿಟ್ಟ. "ಅಕ್ಕ, ಮಗಳಿಗೆ ಹೇಳ್ಬೇಡ. ಸೀಬಿನವರಿಗೆ ಗೊತ್ತಾದ್ರೆ ಸಂಬಂಧ ಖಲಾಸ್."

"ಅಮ್ಮ ಹೋದದ್ದು ರೋಗ ಯಾರಿಗೂ ಗೊತ್ತಿಲ್ಲದೆ, ಭೋಜ. ನಿನಗೀಗ ಗೊತ್ತುಂಟು."

ಅವನು ಎರಡು ದಿನ ಅಕ್ಕನೊಡನೆ ಮಾತಾಡಲಿಲ್ಲ. ರಕ್ತದ ವರದಿ ಬರಲು ಇನ್ನೂ ತಡವಿತ್ತು. ಅದು ಬರಲಿ, ನೋಡುವ ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದ. ಮೂರನೆಯ ದಿನ ಊಟಕ್ಕೆ ಕೂತಾಗ ಅಕ್ಷಯಾ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಮುಚ್ಚಳ ಸಡಿಲವಾಯಿತು, ಅವಳ ಬೆರಳು ಮಾತ್ರ ಅಲ್ಲೇ ನಿಂತಿತು. "ಅಯ್ಯೋ, ಯಾವಾಗ್ಲೂ ಹೀಗೇ" ಎಂದು ಕೈ ಕೊಡವಿಕೊಂಡು ಅವಳು ಊಟಕ್ಕೆ ತೊಡಗಿದಳು. ಭೋಜರಾಜನ ತುತ್ತು ಬಟ್ಟಲಿಗೇ ಬಿತ್ತು. ಆಮೇಲೆ ಅವನು ಎಲ್ಲವನ್ನೂ ಹೇಳಿದ. ಹೇಳುತ್ತಾ ಅತ್ತ.

ಅಕ್ಷಯಾ ಬಾಟಲಿಗೆ ಮುಚ್ಚಳ ಹಾಕಿಟ್ಟಳು. "ಪಪ್ಪ, ಆಪರೇಷನ್ ಆದ ಮೇಲೆ ಹೇಳುವ ಅಂತ ಇದ್ರಾ?"

"ಸಂಬಂಧ..."

"ಅವನಿಗೆ ನಾನೇ ಹೇಳ್ತೇನೆ. ಓಡಿಹೋದ್ರೆ ಓಡ್ಲಿ, ಅವನ ಓಟ ಎಷ್ಟು ಜೋರು ಅಂತಾದ್ರೂ ಗೊತ್ತಾಗ್ತದೆ."

ಒಳಗೆ ಹೋಗಿ ಫೋನ್ ಮಾಡಿದಳು. ಬಾಗಿಲ ಹೊರಗೆ ಅಪ್ಪನೂ ಅತ್ತೆಯೂ ನಾಚಿಕೆ ಬಿಟ್ಟು ಕಿವಿಗೊಟ್ಟು ನಿಂತರು. ಹೊರಬಂದವಳ ಕಣ್ಣು ಕೆಂಪಾಗಿತ್ತು. "ಬ್ಲಡ್ ಟೆಸ್ಟಿಗೆ ಯಾರ ಕಾರಲ್ಲಿ ಹೋಗುವ ಅಂತ ಕೇಳ್ದ. ಮಾಮಿ, ನೀವಿನ್ನು ಆ ಬಾಗಿಲು ಬಿಡಿ."

ಪರೀಕ್ಷೆಯಲ್ಲಿ ಅಪ್ಪ ಮಗಳು ಇಬ್ಬರಿಗೂ ಹೌದೆಂದು ಬಂತು. ಅವಳ ಹೃದಯ ಸದ್ಯ ಸರಿಯಾಗಿತ್ತು. ಹಲ್ಲಿನ ಜಾಗವನ್ನಷ್ಟೇ ಮರಗಟ್ಟಿಸಿ, ಎದೆಬಡಿತಕ್ಕೆ ಕಾವಲಿಟ್ಟು ಹಲ್ಲು ತೆಗೆದರು. ಭೋಜರಾಜನ ಎದೆಬಡಿತ ನಡುನಡುವೆ ತಡವರಿಸುತ್ತಿತ್ತು. ಅವನಿಗೆ ಪೇಸ್‌ಮೇಕರ್ ಕೂರಿಸಿದರು. ಹೊಸ ಮದ್ದಿನ ಪರೀಕ್ಷೆ ಎಲ್ಲಾದರೂ ರೋಗಿಗಳನ್ನು ಕರೆದರೆ ತಿಳಿಸುತ್ತೇನೆಂದು ಡಾಕ್ಟರ್ ನಾಝಿಯಾ ಇಬ್ಬರ ಹೆಸರನ್ನೂ ಬರೆದುಕೊಂಡರು. ಭೋಜರಾಜ ಮತ್ತೆ ಅಂಗಡಿಗೆ ಹೋದ. ಬಟ್ಟೆ ಕತ್ತರಿಸುವುದನ್ನು ಮಾತ್ರ ಜೊತೆಗಾರ ಅಫ್ರಾಜ್‌ಗೆ ಬಿಟ್ಟುಕೊಟ್ಟ. ಮೊದಮೊದಲು ಅವನು ಕತ್ತರಿಸಿದ್ದರಲ್ಲಿ ತಪ್ಪು ಹುಡುಕುತ್ತಿದ್ದ, ಸಿಗದಿದ್ದಾಗ ಬೇಸರ ಮಾಡಿಕೊಳ್ಳುತ್ತಿದ್ದ.

ಉಮಾವತಿಯ ವೀಸಾ ಮುಗಿಯುತ್ತಾ ಬಂತು. ವಿಮಾನ ನಿಲ್ದಾಣದಲ್ಲಿ ಅವಳ ಚೀಲ ತಳ್ಳಿಕೊಂಡು ಬಂದ ಭೋಜರಾಜ ಏನೋ ಹೇಳಲು ಹೋಗಿ ಎರಡು ಸಲ ತಡೆದುಕೊಂಡ. ಮೂರನೆಯ ಸಲ ಹೇಳಿಯೇಬಿಟ್ಟ.

"ಅಕ್ಕ, ಕಾರ್ಕಳದ ದೊಡ್ಡಮ್ಮನ ಮಕ್ಕಳ ಮನೆಗೆ ಹೋಗು. ಅಮ್ಮನ ಅಕ್ಕನ ಮಕ್ಕಳಲ್ವಾ, ಅವರಿಗೂ ಇರಬಹುದು. ಹದಿನೈದು ವರ್ಷದಿಂದ ಮಾತಿಲ್ಲ, ಗೊತ್ತುಂಟು. ಬೈದ್ರೆ ಬೈಸಿಕೊ. ಫೋನಲ್ಲಿ ಬೇಡ, ಎದುರು ಕೂತು ರೋಗದ ವಿಷಯ ಹೇಳು. ಮತ್ತೆ, ಅಲ್ಲಿ ಸಣ್ಣ ಮಕ್ಕಳಿದ್ರೆ ಅವರ ಕೈ ಒಮ್ಮೆ ಹಿಡಿದು ನೋಡು."