ಬೋಡಿಮೆಟ್ಟಿನ ಇಳಿಜಾರಿನಲ್ಲಿ ಒಂಬತ್ತು ಸಲ

ವಿಚಿತ್ರ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಲೆಕ್ಕಪತ್ರದ ಮನುಷ್ಯ ನಾನು. "ಎಷ್ಟು ಗಂಟೆಗೆ? ಎಷ್ಟು ದೂರದಲ್ಲಿ? ಬೇರೆ ಯಾರಿಗೆ ಕಂಡಿತು?" ಎಂದು ಕೇಳಿ ಅಂಥವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ, ಬೇಸರವಿಲ್ಲ. ಇದು ನಡುರಾತ್ರಿಯ ಕಥೆಯಲ್ಲ. ಹಾಡುಹಗಲು ಮೂರು ಗಂಟೆಯ ಬಿಸಿಲಿನಲ್ಲಿ ನಡೆದದ್ದು.

ಅರವತ್ತರ ದಶಕದ ಮಾತು. ಬೋಡಿನಾಯಕನೂರಿನ ನಮ್ಮ ದೊಡ್ಡಪ್ಪನ ಏಲಕ್ಕಿ ಕಂಪನಿ ಬೆಳೆದು ದಿಂಡಿಗಲ್, ಮಧುರೆಗಳಲ್ಲೂ ಶಾಖೆ ತೆರೆದಿತ್ತು. ಅದನ್ನು ಪಬ್ಲಿಕ್ ಕಂಪನಿ ಮಾಡಿ ಜನರಿಗೆ ಷೇರು ಮಾರಬೇಕೆಂದು ದೊಡ್ಡಪ್ಪ ಪಟ್ಟು ಹಿಡಿದರು. ಮನೆಯಲ್ಲಿ ಬಿ.ಕಾಂ. ಓದಿದವನು ನಾನೊಬ್ಬನೇ ಆದ್ದರಿಂದ ಕಾಗದಪತ್ರದ ಕೆಲಸವೆಲ್ಲ ನನ್ನ ತಲೆಗೆ ಬಂತು. ಮದರಾಸಿನ ವಕೀಲರು ವಾರಕ್ಕೊಂದು ತಕರಾರು ಬರೆಯುತ್ತಿದ್ದರು. ಕೊನೆಯ ತಕರಾರೇ ದೊಡ್ಡದು. ಕಂಪನಿಯ ಆಸ್ತಿ ಎಂದು ನಾವು ತೋರಿಸಿದ್ದ, ಬೋಡಿಮೆಟ್ಟು ಘಾಟಿಯ ಮೇಲಿನ ಏಲಕ್ಕಿ ತೋಟ ಕಂಪನಿಯದಾಗಿರಲಿಲ್ಲ. ಅದು ನನ್ನ ಚಿಕ್ಕವ್ವನದು. ಚಿಕ್ಕಪ್ಪ ತೀರಿಕೊಂಡ ಮೇಲೆ ಆಕೆ ತೋಟವನ್ನು ನಮಗೆ ಗುತ್ತಿಗೆಗೆ ಕೊಟ್ಟು, ಕೂಲಿಯವರ ಕೆಲಸ ನೋಡಿಕೊಂಡು ಅಲ್ಲೇ ಇದ್ದಳು.

ತೋಟವನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ ಇಂಗ್ಲಿಷಿನಲ್ಲಿ ತಯಾರಾಯಿತು. "ಎಬ್ಬೆಟ್ಟು ಒತ್ತಿಸ್ಕೊಂಡು ಬಾ. ಗುತ್ತಿಗೆ ಕಾಗ್ದ ಅಂತ ಯೋಳು, ಸಾಕು," ಎಂದರು ದೊಡ್ಡಪ್ಪ. ಚಿಕ್ಕಂದಿನಲ್ಲಿ ನನಗೆ ಅನ್ನ ಕಲೆಸಿ ಉಣಿಸಿದವಳು ಚಿಕ್ಕವ್ವ. ಆದರೆ ನನ್ನ ಕೆಲಸ, ಇರುವ ಮನೆ, ಗೊತ್ತಾಗಿದ್ದ ಮದುವೆ ಎಲ್ಲ ದೊಡ್ಡಪ್ಪನ ಕೈಯಲ್ಲಿತ್ತು. ಪತ್ರವನ್ನು ಫೈಲಿನಲ್ಲಿಟ್ಟುಕೊಂಡು ಕಂಪನಿಯ ಜೀಪು ಹತ್ತಿದೆ. ಅವತ್ತೇ ಸಂಜೆಯ ರೈಲಿಗೆ ಪತ್ರ ಮದರಾಸಿಗೆ ಹೋಗಬೇಕಿತ್ತು.

ತಮಿಳುಸೀಮೆಯ ಆ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿದ ನಮ್ಮಂಥ ಒಕ್ಕಲುಮನೆಗಳಲ್ಲಿ ಸಂತೆ, ವ್ಯಾಪಾರ, ಕೋರ್ಟು ಎಲ್ಲ ತಮಿಳಿನಲ್ಲಿ. ಕನ್ನಡ ಮನೆಯೊಳಗೆ ಮಾತ್ರ. ಚೌಕಾಸಿಯಲ್ಲಿ ಒಂದೆರಡು ಸುಳ್ಳು ನಡೆಯುತ್ತದೆ, ಮನೆಮಾತಿನಲ್ಲಿ ಮಾತ್ರ ಸುಳ್ಳಾಡಬಾರದು ಎಂದು ನಮ್ಮ ಹೆಂಗಸರು ಮಕ್ಕಳಿಗೆ ಕಲಿಸುತ್ತಿದ್ದರು. ಅದಕ್ಕೇ ತೋಟದ ಮನೆಯಲ್ಲಿ ಚಿಕ್ಕವ್ವನ ಮುಂದೆ ಪತ್ರ ಇಟ್ಟು, ನಾನು ಜಾಣನಂತೆ ತಮಿಳಿನಲ್ಲೇ ಶುರುಮಾಡಿದೆ. ಚಿಕ್ಕವ್ವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅದೆಲ್ಲ ಬ್ಯಾಡ ಕಣಪ್ಪ. ನಮ್ ಮಾತ್ನಾಗೆ ಯೋಳು. ಏನ್ ಬರ್ದೈತೆ?"

"ಗುತ್ತಿಗೆ ಕಾಗ್ದ ಚಿಕ್ಕವ್ವ. ತ್ವಾಟ ನಿಂದೇ," ಎಂದೆ.

ಆಕೆ ಹೆಬ್ಬೆಟ್ಟು ಒತ್ತಿ, ಕೈ ತೊಳೆದು ಬಂದು ನನಗೆ ಊಟ ಬಡಿಸಿದಳು. ನಾನು ಉಂಡೆ ಕೂಡ.

ಜೀಪಿನಲ್ಲಿ ಇಳಿಯತೊಡಗಿದೆವು. ಡ್ರೈವರ್ ಮುತ್ತಯ್ಯ ಆ ಘಾಟಿಯಲ್ಲೇ ತಲೆ ನೆರೆದವನು. ಮಂಜು ಗಿಂಜು ಏನೂ ಇರಲಿಲ್ಲ. ಕೆಳಗೆ ನಮ್ಮೂರು ಬೋಡಿಯ ಮನೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಪಕ್ಕದ ಕಲ್ಲಿನ ಮೇಲೆ ಕಿತ್ತಳೆ ಸುಲಿಯುತ್ತಿದ್ದ ಮುದುಕ ನಮ್ಮನ್ನು ಕಂಡು ಕೈ ಎತ್ತಿದ. ಎರಡು ತಿರುವು ಇಳಿದೆವು. ಮತ್ತೆ ಅದೇ ಲಾರಿ, ಅದೇ ಮುದುಕ, ಕೈಯಲ್ಲಿ ಅರ್ಧ ಸುಲಿದ ಅದೇ ಹಣ್ಣು. ಅದೇ ರೀತಿ ಕೈ ಎತ್ತಿದ.

ಬೇರೆ ಲಾರಿ ಇರಬೇಕೆಂದುಕೊಂಡೆ. ಮೂರನೆಯ ಸಲ ಹಾಗೆ ಅಂದುಕೊಳ್ಳಲಾಗಲಿಲ್ಲ. ಮೂಟೆ ಎಣಿಸುವಾಗ ಹಾಕುವಂತೆ ಫೈಲಿನ ಮೇಲೆ, ಹಿಂದಿನ ಎರಡನ್ನೂ ಸೇರಿಸಿ, ಪೆನ್ಸಿಲಿನಿಂದ ಗೀಟು ಹಾಕತೊಡಗಿದೆ: ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಜೀಪು ಇಳಿಯುತ್ತಲೇ ಇತ್ತು, ಊರು ಮಾತ್ರ ಹತ್ತಿರವಾಗಲಿಲ್ಲ. ಜೀಪಿಗೆ ಬಾಗಿಲೂ ಇರಲಿಲ್ಲ, ಹಾರಿಕೊಳ್ಳಬಹುದಿತ್ತು. ಹಾರಲಿಲ್ಲ. ಬೀಗ ಹಾಕಿದ ಕೋಣೆಯಲ್ಲಿದ್ದವನಂತೆ ಕೂತೇ ಇದ್ದೆ. ಹೆದರಿದೆ, ಬಹಳ ಹೆದರಿದೆ. ಮುದುಕ ಕಂಡಾಗಲೆಲ್ಲ "ಬೇಗ ಹೋಗಪ್ಪಾ" ಎಂದು ಕೂಗುತ್ತಿದ್ದೆ. ಮುತ್ತಯ್ಯ "ಸರಿ ಸಾರ್" ಎನ್ನುತ್ತಿದ್ದ.

ಒಂಬತ್ತನೆಯ ಗೀಟು ಹಾಕಿದ ಮೇಲೆ ಎಲ್ಲೋ ಬಸ್ಸಿನ ಹಾರನ್ ಕೇಳಿಸಿತು. ನೋಡಿದರೆ ರಸ್ತೆ ಸಮನಾಗಿತ್ತು. ಎರಡೂ ಕಡೆ ಹುಣಸೆ ಮರಗಳು. ಗಡಿಯಾರ ನೋಡಿಕೊಂಡೆ. ಎಂದಿನ ಹೊತ್ತಿಗಿಂತ ಐದು ನಿಮಿಷವೂ ಹೆಚ್ಚಾಗಿರಲಿಲ್ಲ.

ಲಾರಿಯ ವಿಷಯ ಕೇಳಿದರೆ ಮುತ್ತಯ್ಯ, "ಲಾರಿಯಾ? ಒಣ್ಣುಮೇ ಇಲ್ಲೆಯೇ ಸಾರ್," ಎಂದ. ಅಂಥದ್ದೇನೂ ಇರಲೇ ಇಲ್ಲವಂತೆ. ನಾನು ನಿದ್ದೆ ಹೋಗಿದ್ದೆನೇ ಎಂದರೆ, "ಎಲ್ಲಿಯ ನಿದ್ದೆ, ದಾರಿಯುದ್ದಕ್ಕೂ ಬೇಗ ಬೇಗ ಎಂದು ಪ್ರಾಣ ತಿಂದಿರಲ್ಲ" ಎಂದು ತಮಿಳಿನಲ್ಲೇ ಹೇಳಿ ನಕ್ಕ. ಫೈಲಿನ ಮೇಲೆ ಒಂಬತ್ತು ಗೀಟುಗಳಿದ್ದವು.

ಪತ್ರ ಮದರಾಸಿಗೆ ಹೋಯಿತು. ಕಂಪನಿ ಪಬ್ಲಿಕ್ ಆಯಿತು, ದೊಡ್ಡಪ್ಪ ಹಾರ ಹಾಕಿಸಿಕೊಂಡರು. ಕೆಲವು ತಿಂಗಳಿಗೆ ಕಂಪನಿಯ ಮ್ಯಾನೇಜರ್ ತೋಟಕ್ಕೆ ಬಂದು ಮನೆ ಬಿಡಲು ಹೇಳಿದಾಗ ಚಿಕ್ಕವ್ವನಿಗೆ ವಿಷಯ ತಿಳಿಯಿತು. ಆಕೆ ಜಗಳವಾಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಕಂಬಂನ ತಮ್ಮನ ಮನೆ ಸೇರಿದಳು. ನಾನು ನೋಡಲು ಹೋದಾಗ, "ವಾಂಗ ತಂಬಿ, ಉಕ್ಕಾರುಂಗ," ಎಂದು ತಮಿಳಿನಲ್ಲಿ, ಪರರಿಗೆ ಹಚ್ಚುವ ಬಹುವಚನ ಹಚ್ಚಿ ಕೂರಿಸಿದಳು. ಸಾಯುವವರೆಗೂ ನನ್ನೊಡನೆ ಒಂದು ಮಾತನ್ನೂ ಕನ್ನಡದಲ್ಲಿ ಆಡಲಿಲ್ಲ.

ನನ್ನ ಡಾಕ್ಟರ್ ಗೆಳೆಯರೊಬ್ಬರು ಅದೆಲ್ಲ ಮನಸ್ಸಿನ ಆಟ ಎನ್ನುತ್ತಾರೆ. ಇರಬಹುದು. ಒಂಬತ್ತು ಸಲ ಸುತ್ತಿದ ದಾರಿ ಎಂದಿನ ಹೊತ್ತಿನಲ್ಲೇ ಹೇಗೆ ಮುಗಿಯಿತೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನನ್ನು ತಡೆಯಲೆಂದೇ ಅದು ನಡೆದಿದ್ದರೆ ಕೊನೆಗೆ ಬಿಟ್ಟುಕೊಟ್ಟಿದ್ದೇಕೆ ಎಂಬುದೂ ತಿಳಿಯದು. ಗೊತ್ತಿರುವುದು ಒಂದೇ. ಆ ಒಂಬತ್ತು ಸಲದಲ್ಲಿ ಒಮ್ಮೆಯೂ ಗಾಡಿ ತಿರುಗಿಸು ಎಂದು ನಾನು ಹೇಳಲಿಲ್ಲ.