ಮೊದಲ ಹೆಸರ ಕೂಗ್ರಿ

ನಮ್ಮ ಪಕ್ಕದ ಮನೆಯಲ್ಲಿದ್ದವರು ಚಿಕ್ಕೋಡಿ ಕೋರ್ಟಿನ ಬಾಗಿಲಲ್ಲಿ ನಿಂತು ಆರೋಪಿಗಳ, ಸಾಕ್ಷಿಗಳ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತರಾದವರು. ಕೂಗಿ ಕೂಗಿ ಗಂಟಲು ಸವೆದಿತ್ತು. ದವಡೆಯಲ್ಲಿ ಸದಾ ಒಂದು ಲವಂಗ. ಓಣಿಯಲ್ಲಿ ಯಾರಾದರೂ ಯಾರನ್ನಾದರೂ ಕಳ್ಳ ಎಂದರೆ ಸಾಕು, ಗಂಟಲು ಸವರಿಕೊಂಡು ಒಂದೇ ಮಾತು: "ಮೊದಲ ಅವನ ಹೆಸರ ಕೂಗ್ರಿ. ಬಂದು ನಿಂದರ್ಲಿ. ಆಮ್ಯಾಲ ನೋಡೂಣು."

ಒಮ್ಮೆ ಅವರೂ ನಾನೂ ನಿಪ್ಪಾಣಿಯ ಟಾಕೀಸಿಗೆ ಹೋಗಿದ್ದೆವು. ಕೊಲೆಯ ಸಿನಿಮಾ. ಕೊನೆಗೆ ಇನ್ಸ್‌ಪೆಕ್ಟರ್ ಒಬ್ಬ ಹುಡುಗನನ್ನು ಕಬ್ಬಿನ ಹೊಲದಲ್ಲಿ ಗುಂಡಿಕ್ಕಿ ಕೊಂದ. ಕೊಲೆಗಾರ ಅವನೇ ಎಂಬುದಕ್ಕೆ ಸಿನಿಮಾ ಕೊಟ್ಟ ಸಾಕ್ಷಿ ಅವನ ನಮಾಜಿನ ಟೋಪಿ ಮತ್ತು ಕಣ್ಣಿನ ಸುರ್ಮಾ, ಅಷ್ಟೇ. ಟಾಕೀಸೆಲ್ಲ ಸಿಳ್ಳೆ. "ನ್ಯಾಯ ಅಂದ್ರ ಹಿಂಗ ಇರಬೇಕ ನೋಡಲೇ," ಅಂದ ಹಿಂದಿನ ಸಾಲಿನವನೊಬ್ಬ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವರು ದಣಿದ ದನಿಯಲ್ಲಿ ಕೇಳಿದರು: "ಸತ್ತನಲ್ರಿ ಅಂವ, ಅವನ ಹೆಸರ ಏನಿತ್ರಿ?"

ನೆನಪಿಸಿಕೊಳ್ಳಲು ನೋಡಿದೆ. ಇನ್ಸ್‌ಪೆಕ್ಟರನ ನಾಯಿಗೂ ಒಂದು ಹೆಸರಿತ್ತು.

"ಅವಗ ಹೆಸರ ಇಟ್ಟೇ ಇಲ್ರಿ," ಎಂದೆ.

ಅವರು ಲವಂಗ ಉಗುಳಿದರು. "ಮತ್ತ ಏನಂತ ಕೂಗೂದ್ರಿ?"