ನಂಜಮಣಿ ರಾಕ್ ಕೇಳಲು ಹೋದದ್ದು

ರಾಕ್ ಸಂಗೀತ ಕೇಳಲು ರೇಷ್ಮೆ ಸೀರೆ ಉಟ್ಟು ಹೋದವರು ಈ ಭೂಮಿಯ ಮೇಲೆ ಎಷ್ಟು ಮಂದಿ ಇದ್ದಾರೋ ತಿಳಿಯದು. ನಾನಂತೂ ಒಬ್ಬಳು. ಕೆಂಪಂಚಿನ ಹಸಿರು ರೇಷ್ಮೆ, ಮುಡಿಯಲ್ಲಿ ಎರಡು ಮೊಳ ಮಲ್ಲಿಗೆ, ವಯಸ್ಸು ಐವತ್ಮೂರು. ಇದಕ್ಕೆ ಕಾರಣ ಸಂಗೀತದ ಮೇಲಿನ ಗೌರವ ಅಂದುಕೊಳ್ಳಬೇಡಿ. ಕಾರಣ, ನಾನು ಹೇಳಿದ ಒಂದು ಸುಳ್ಳು.

ನಾನು ತಮಿಳುನಾಡಿನ ಗಡಿಯೊಳಗಿರುವ ತಾಳವಾಡಿಯ ಶಾಲೆಯೊಂದರಲ್ಲಿ ಕನ್ನಡ ಮೇಡಂ. ಮನೆ ಪಣಕಹಳ್ಳಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು. ಆ ಬಸ್ಸಿನಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದರ್ಧ ಅವರ ತಂದೆತಾಯಿಗಳು. ಅವರ ಮುಂದೆಲ್ಲ ಕೂದಲು ಬಿಟ್ಟುಕೊಂಡು ಗಿಟಾರು ಬಾರಿಸುವ ಹುಡುಗರ ಕಾರ್ಯಕ್ರಮಕ್ಕೆ ಇಂಥವಳು ಮೈಸೂರಿಗೆ ಹೊರಟಳು ಅಂತ ಸುದ್ದಿಯಾದರೆ ವ್ಯಾಕರಣ ಹೇಳಿಕೊಡುವ ಬಾಯಿಗೆ ಏನು ಮರ್ಯಾದೆ ಉಳಿದೀತು ಅನ್ನಿಸಿತು. ಹಾಗಾಗಿ ಮನೆಯವರಿಗೂ ಬೀದಿಯವರಿಗೂ ಮೈಸೂರಿನಲ್ಲಿ ಗೆಳತಿಯ ಮಗಳ ಮದುವೆ ಎಂದೆ. ಮದುವೆ ಎಂದ ಮೇಲೆ ರೇಷ್ಮೆ ಉಡಲೇಬೇಕಲ್ಲ.

ಆ ಸುಳ್ಳು ಭಾನುವಾರ ಬೆಳಿಗ್ಗೆ ಏಳೂವರೆಯವರೆಗೆ ಮಾತ್ರ ಬದುಕಿತ್ತು. ಏಳೂವರೆಗೆ ನನ್ನ ಓರಗಿತ್ತಿ ನಂಜಮಣಿ ಬಂದು ಬಾಗಿಲಲ್ಲಿ ನಿಂತಳು. ನನ್ನ ಮೈದುನನ ಹೆಂಡತಿ, ನನಗಿಂತ ಐದು ವರ್ಷ ಚಿಕ್ಕವಳು. ದಿನದ ವಾಯಿಲ್ ಸೀರೆ, ರಬ್ಬರ್ ಚಪ್ಪಲಿ, ಕೈಯಲ್ಲಿ ರೊಟ್ಟಿ ಕಟ್ಟಿದ ಚೀಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಮ್ಮ ಮನೆಯವರು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು.

“ಯಾಕಕ್ಕ ಮದುವೆ ಸೀರೆ ಉಟ್ಟಿದ್ದೀಯೆ? ನಾವು ಆಡು ಕೇಳಕ್ಕಲ್ವಾ ಓಗ್ತಿರದು?”

ಮನೆಯವರು ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ನಕ್ಕರು. ಸೀರೆ ಬದಲಿಸೋಣ ಎಂದರೆ ಬಸ್ಸು ಆಗಲೇ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಹೀಗೆ ನಾನು ರೇಷ್ಮೆಯಲ್ಲೇ ಓಡಿದೆ. ಬಸ್ಸಿನಲ್ಲಿ ಸುಳ್ಳನ್ನು ಮತ್ತೆ ಬದುಕಿಸುವ ಅವಕಾಶವೂ ಸಿಗಲಿಲ್ಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ ಕೂಡಲೇ ನಂಜಮಣಿ ಇಡೀ ಬಸ್ಸಿಗೆ ಕೇಳುವಂತೆ ವಿವರಿಸಿದಳು.

ಅವಳು ಹೇಳಿದ ‘ಆಡು’ ಮೇಕೆಯ ಸಂಬಂಧಿಯಲ್ಲ, ಹಾಡು. ನಮ್ಮ ಸೀಮೆಯಲ್ಲಿ ಪದದ ಮೊದಲಿಗೆ ಬರುವ ‘ಹ’ ನಾಲಿಗೆಗೆ ಸಿಕ್ಕುವುದಿಲ್ಲ. ಹಳ್ಳಿ ಅಳ್ಳಿ, ಹೊಲ ಒಲ, ಹಂದಿ ಅಂದಿ. ಇದನ್ನು ತಪ್ಪು ಎಂದು ನಾನು ಕಲಿತದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಶಿಕ್ಷಕರ ತರಬೇತಿಗೆ ಸೇರಿದ ಹೊಸತು. ನಮ್ಮೂರಿನ ಚೆಂದ ಹೇಳುತ್ತ, ಬೆಳಿಗ್ಗೆ ಎದ್ದರೆ ಮರದ ತುಂಬ ಅಕ್ಕಿ ಕೂಗುತ್ತವೆ ಎಂದುಬಿಟ್ಟೆ. ಕೂಗುವುದು ಹಸಿ ಅಕ್ಕಿಯೋ ಬೆಂದ ಅಕ್ಕಿಯೋ ಎಂದು ಒಬ್ಬಳು ಕೇಳಿದಳು. ಎರಡು ವರ್ಷ ಆ ಹಾಸ್ಟೆಲಿನಲ್ಲಿ ನನ್ನ ಹೆಸರೇ ಅಕ್ಕಿ ಎಂದಾಯಿತು. ಅಂದು ಹಟ ಹಿಡಿದು ‘ಹ’ವನ್ನು ಸಾಧಿಸಿದೆ. ಹೊಸದಾಗಿ ಸಾಹುಕಾರನಾದವನ ಹಾಗೆ ಅದನ್ನು ಬೇಡದ ಕಡೆಯೂ ಖರ್ಚು ಮಾಡಿದೆ. ಕೆಲಕಾಲ ನನ್ನ ಬಾಯಲ್ಲಿ ಆನೆ ಕೂಡ ಹಾನೆಯಾಗಿತ್ತು.

ಭಾಷೆಯ ಚರಿತ್ರೆ ಓದಿದ ಮೇಲೆ ತಿಳಿದ ತಮಾಷೆ ಬೇರೆ. ಈ ‘ಹ’ ಕನ್ನಡದ ಮನೆಗೆ ತಡವಾಗಿ ಬಂದದ್ದು. ಈಗ ಅದಿರುವ ಜಾಗದಲ್ಲೆಲ್ಲ ಹಳಗನ್ನಡದಲ್ಲಿ ‘ಪ’ ಕೂತಿತ್ತು. ಪಾಲು ಹಾಲಾಯಿತು, ನಮ್ಮಲ್ಲಿಗೆ ಬರುವಷ್ಟರಲ್ಲಿ ಆಲಾಯಿತು. ತಮಿಳಿನವರು ಹಳೆಯ ಪಕಾರ ಬಿಟ್ಟೇ ಇಲ್ಲ. ಆದ್ದರಿಂದ ತಾಳವಾಡಿಯ ಸಂತೆಯಲ್ಲಿ ಕಾಲು ಗಂಟೆ ನಿಂತರೆ ಒಂದೇ ಹಾಲಿನ ಮೂರು ಅವತಾರಗಳನ್ನೂ ಕೇಳಬಹುದು. ಹುಲಿಯದೂ ಅದೇ ಕಥೆ. ಅರಣ್ಯ ಇಲಾಖೆಯವರಿಗೆ ಅದು ಪುಲಿ, ನನ್ನ ತರಗತಿಯಲ್ಲಿ ಹುಲಿ, ನಂಜಮಣಿಗೆ ಉಲಿ. ಮೂರರಲ್ಲಿ ನನಗೆ ನಿಜವಾಗಿ ಭಯವಾಗುವುದು ಉಲಿ ಎಂದಾಗ ಮಾತ್ರ, ಏಕೆಂದರೆ ಅದನ್ನು ಕಣ್ಣಾರೆ ಕಂಡು ಬಂದು ಹೇಳುವವಳು ಅವಳೊಬ್ಬಳೇ.

ಇಷ್ಟೆಲ್ಲ ತಿಳಿದೂ ಮೂವತ್ತು ವರ್ಷ ಮಕ್ಕಳ ಬಾಯಿಗೆ ‘ಹ’ ತುರುಕಿದೆ. ಅದು ನನ್ನ ಕೆಲಸ, ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ನಂಜಮಣಿಗೆ ಮಾಡಿದ್ದಕ್ಕೆ ಇದೆ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಹೊಲದಲ್ಲಿ ಕಳೆ ಕೀಳುತ್ತ ಹಾಡಿದರೆ ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸುತ್ತಿದ್ದರು. ನನಗೆ ಹೆಮ್ಮೆಯಾಗಿ ಶಾಲಾ ವಾರ್ಷಿಕೋತ್ಸವದಲ್ಲಿ ಹಾಡಲು ಕರೆದೆ. ಕರೆದು ಸುಮ್ಮನಿದ್ದೆನೇ? ದೊಡ್ಡವರೆಲ್ಲ ಬರುತ್ತಾರೆ, ‘ಹ’ ಸರಿಯಾಗಿ ಹೇಳು ಎಂದು ಒಂದು ವಾರ ಕೂರಿಸಿ ತಿದ್ದಿದೆ. ವೇದಿಕೆ ಹತ್ತಿದ ನಂಜಮಣಿ ಮೊದಲ ಸಾಲಿನಲ್ಲಿ ಒಂದು ‘ಹ’ವನ್ನು ಗೆದ್ದಳು, ಎರಡನೆಯದಕ್ಕೆ ತಡವರಿಸಿದಳು, ಮೂರನೆಯದನ್ನು ಹುಡುಕುತ್ತ ರಾಗವನ್ನೇ ಕಳೆದುಕೊಂಡಳು. ಮೈಕಿನ ಮುಂದೆ ಸ್ವಲ್ಪ ಹೊತ್ತು ನಿಂತು ಕೆಳಗಿಳಿದು ಹೋದಳು. ಯಾರೂ ನಗಲಿಲ್ಲ. ಅವಳು ನನ್ನ ಮೇಲೆ ಸಿಟ್ಟಾಗಲೂ ಇಲ್ಲ. ಆದರೆ ಆಮೇಲೆ ಜನರೆದುರು ಬಾಯಿ ಬಿಟ್ಟು ಹಾಡಲಿಲ್ಲ. ಹೊಲದಲ್ಲೂ ಅವಳ ಗಂಟಲು ಹಂದಿ, ನವಿಲು, ಕೋತಿಗಳನ್ನು ಓಡಿಸಲು ಮಾತ್ರ ಬಳಕೆಯಾಯಿತು. ಇಪ್ಪತ್ತೆರಡು ವರ್ಷ.

ಹೋದ ವರ್ಷ ಅವಳ ಹೊಲಕ್ಕೆ ಎಲೆಕೋಸು ತುಂಬಲು ಬಂದ ಗಾಡಿಯಲ್ಲಿ ಒಂದು ಹಾಡು ಕೇಳಿಬಂತು. ಡ್ರಮ್ಮು, ಗಿಟಾರು, ಕಿವಿ ಗವ್ವೆನ್ನುವ ಸದ್ದು. ಅದರ ನಡುವೆ ಒಬ್ಬ ಎದೆ ಬಿರಿಯುವಂತೆ ಕೂಗುತ್ತಿದ್ದ: “ಒಲ ಬುಟ್ಟು ನಾನೆಲ್ಲಿಗೋಗ್ಲಿ.” ನಂಜಮಣಿ ಕೋಸಿನ ಮೂಟೆಯನ್ನು ಅಲ್ಲೇ ಬಿಟ್ಟು, ಇವನು ಯಾವೂರವನು ಎಂದು ಡ್ರೈವರನನ್ನು ಕೇಳಿದಳಂತೆ. ಅದು ‘ಕಲ್ಲುಮಂಟಿ’ ಎಂಬ ತಂಡ. ಕೊಳ್ಳೇಗಾಲದ ಕಡೆಯ ಐದು ಹುಡುಗರು. ಸಂಜೆ ಅವಳು ನನ್ನ ಮನೆಗೆ ಬಂದು ಫೋನು ಮುಂದೆ ಹಿಡಿದಳು. “ಇವ್ರು ನಮ್ಮಂಗೇ ಮಾತಾಡ್ತರೆ ಕಣಕ್ಕ. ಯಾರೂ ತಿದ್ದಿಲ್ಲ.” ಚುಚ್ಚಿ ಹೇಳಿದ್ದಲ್ಲ, ಬರಿಯ ಅಚ್ಚರಿಯಿಂದ ಹೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು.

ಮೊದಮೊದಲು ಆ ಸದ್ದು ನನಗೆ ರಾಗಿ ಮಿಷನ್ನಿನೊಳಗೆ ಯಾರೋ ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಒಂದು ತಿಂಗಳಲ್ಲಿ ಪಾತ್ರೆ ತೊಳೆಯುವಾಗ ಗುನುಗತೊಡಗಿದೆ. ಎರಡು ತಿಂಗಳಲ್ಲಿ ಬೇಸ್ ಗಿಟಾರಿಗೂ ಬರಿಯ ಗಿಟಾರಿಗೂ ವ್ಯತ್ಯಾಸ ಹೇಳಬಲ್ಲವಳಾದೆ. ಮೈಸೂರಿನ ಬಯಲು ರಂಗಮಂದಿರದಲ್ಲಿ ಮಧ್ಯಾಹ್ನ ಮೂರಕ್ಕೆ ಕಲ್ಲುಮಂಟಿಯವರ ಕಾರ್ಯಕ್ರಮ ಎಂದು ತಿಳಿದಾಗ ಟಿಕೆಟ್ ತರಿಸಿದವಳು ನಾನೇ. ರಾತ್ರಿ ಉಳಿಯಲು ಚಾಮರಾಜನಗರದಲ್ಲಿ ನಂಜಮಣಿಯ ಮಗಳ ಮನೆ ಇತ್ತು.

ರಂಗಮಂದಿರದ ಗೇಟಿನಲ್ಲಿದ್ದ ಹುಡುಗಿ ನನ್ನ ರೇಷ್ಮೆಯನ್ನು ನೋಡಿ ಬಹಳ ವಿನಯದಿಂದ, ಕಲಾವಿದರ ತಾಯಂದಿರಿಗೆ ಆ ಕಡೆ ನೆರಳಲ್ಲಿ ಕುರ್ಚಿ ಇದೆ ಎಂದಳು. ಕುರ್ಚಿ ಎಂಬ ಮಾತು ನನ್ನ ಮಂಡಿಗಳಿಗೆ ಬಹಳ ಹಿತವಾಗಿ ಕೇಳಿಸಿತು. ನಾನು ಸುಮ್ಮನೆ ಆ ಕಡೆ ಹೆಜ್ಜೆ ಇಡುವುದರಲ್ಲಿದ್ದೆ. ನಂಜಮಣಿ, ನಾವು ಯಾರ ತಾಯಿಯೂ ಅಲ್ಲ, ಹಾಡು ಕೇಳಲು ಬಂದವರು ಎಂದು ತಿಳಿಸಿದಳು. ನನ್ನ ಎರಡನೆಯ ಸುಳ್ಳು ಹುಟ್ಟುವ ಮೊದಲೇ ಹೋಯಿತು.

ಒಳಗೆ ಎಲ್ಲರೂ ನಿಂತೇ ಇದ್ದರು. ಕಪ್ಪು ಅಂಗಿಯ ಹುಡುಗ ಹುಡುಗಿಯರ ಸಮುದ್ರ. ನಮ್ಮನ್ನು ನೋಡಿ ಯಾರಾದರೂ ನಕ್ಕಾರು ಎಂದು ಸೆರಗು ಬಿಗಿದುಕೊಂಡೆ. ನಗುವುದಿರಲಿ, ಅವರು “ಆಂಟಿ, ಮುಂದೆ ಬನ್ನಿ” ಎಂದು ದಾರಿ ಬಿಡುತ್ತ ಬಿಡುತ್ತ ವೇದಿಕೆಯ ಮುಂದಿನ ಕಂಬಿಯವರೆಗೆ ನಮ್ಮನ್ನು ತಲುಪಿಸಿದರು. ಪಕ್ಕದಲ್ಲಿ ಮೂಗಿಗೆ ಬೆಳ್ಳಿ ಬಳೆ ಹಾಕಿದ್ದ ಒಬ್ಬಳು ಹುಡುಗಿ ಸಿಕ್ಕಳು. ಆ ಪ್ರಸಿದ್ಧ ಹಾಡಿನ ಅರ್ಥ ನಮಗೆ ಗೊತ್ತಿಲ್ಲವೇನೋ ಎಂಬ ಕಾಳಜಿಯಿಂದ, ಅದು ಒಲವಿನ ಹಾಡು, ಪ್ರೀತಿಯನ್ನು ಬಿಟ್ಟು ಎಲ್ಲಿಗೆ ಹೋಗಲಿ ಎನ್ನುತ್ತಾನೆ ಎಂದು ವಿವರಿಸಿದಳು.

“ಒಲ ಅಂದ್ರೆ ಒಲ ಕಣವ್ವ,” ಎಂದಳು ನಂಜಮಣಿ. “ರಾಗಿ ಜ್ವಾಳ ಬೆಳೀತೀವಲ್ಲ, ಅದು.”

ಹುಡುಗಿ, ಹಾಗಿದ್ದರೆ ಇನ್ನೂ ಚೆನ್ನಾಗಿದೆ ಎಂದಳು.

ಡ್ರಮ್ಮಿನ ಮೊದಲ ಏಟು ಬಿದ್ದಾಗ ನನ್ನ ಪಕ್ಕೆಲುಬುಗಳು ಅದುರಿದವು. ಫೋನಿನಲ್ಲಿ ಕೇಳಿದ್ದು ಈ ಸಂಗೀತದ ಪಾಸ್‌ಪೋರ್ಟ್ ಫೋಟೋ ಅಷ್ಟೆ ಎಂದು ಆಗ ತಿಳಿಯಿತು. ಸದ್ದು ಕಿವಿಯಿಂದ ಬರುತ್ತಿರಲಿಲ್ಲ, ಅಂಗಾಲಿನಿಂದ ಏರುತ್ತಿತ್ತು. ನಾಲ್ಕು ಹಾಡು ಮುಗಿಯುವಷ್ಟರಲ್ಲಿ ನನ್ನ ಮಲ್ಲಿಗೆ ಉದುರಿ ಯಾರ್ಯಾರದೋ ಕಾಲಡಿ ಸೇರಿತ್ತು, ನಾನು ಎರಡೂ ಕೈ ಮೇಲೆತ್ತಿದ್ದೆ. ನಂಜಮಣಿ ಮಾತ್ರ ಕಂಬಿ ಹಿಡಿದು ತುಟಿ ಬಿಗಿದು ನಿಂತಿದ್ದಳು. ಸುತ್ತಲಿನವರೆಲ್ಲ ಜೊತೆಗೆ ಹಾಡುತ್ತಿದ್ದರೂ ಅವಳ ತುಟಿ ಅಲುಗಲಿಲ್ಲ. ಪ್ರತಿ ಅಕ್ಷರವೂ ಅವಳಿಗೆ ಬಾಯಿಪಾಠ ಎಂದು ನನಗೆ ಗೊತ್ತಿತ್ತು.

ಐದನೆಯದು ಅವಳ ಹಾಡು. ಎಲ್ಲರೂ ಕಾದು ನಿಂತಿದ್ದ ಹಾಡು. ಹಾಡುವವನು ಮೊದಲ ಸಲ “ಒಲ ಬುಟ್ಟು” ಎಂದು ಎತ್ತಿದ ಕೂಡಲೇ ಕರೆಂಟು ಹೋಯಿತು. ಗಿಟಾರು ಸತ್ತಿತು, ಮೈಕು ಸತ್ತಿತು. ಡ್ರಮ್ಮಿನವನು ನಾಲ್ಕು ಏಟು ಹಾಕಿ ಅನುಮಾನದಿಂದ ಕೈ ನಿಲ್ಲಿಸಿದ. ಜನರೇಟರಿನ ಬಳಿಗೆ ಇಬ್ಬರು ಓಡಿದರು. ಜನ ಶಿಳ್ಳೆ ಹಾಕಿದರು, ಗೊಣಗಿದರು, ಹಿಂದಿನಿಂದ ಕೆಲವರು ಹೊರಡುವ ಗದ್ದಲ ಕೇಳಿತು. ವೇದಿಕೆಯ ಮೇಲೆ ಆ ಐದು ಹುಡುಗರು ಬರಿಗೈಯಲ್ಲಿ ನಿಂತಿದ್ದನ್ನು ನೋಡಿ ನನಗೆ ಯಾವುದೋ ಹಳೆಯ ನೋಟ ಕಣ್ಣಿಗೆ ಕಟ್ಟಿತು. ಮೈಕಿನ ಮುಂದೆ ಹೀಗೇ ನಿಂತು, ಕೆಳಗಿಳಿದು ಹೋದವಳು ನನ್ನ ಪಕ್ಕದಲ್ಲೇ ಇದ್ದಳು.

ಏನು ಧೈರ್ಯ ಬಂತೋ, ನಾನೇ ಶುರು ಮಾಡಿಬಿಟ್ಟೆ. ಸಣ್ಣ, ಒಡಕು ದನಿಯಲ್ಲಿ, ಮೂವತ್ತು ವರ್ಷದ ಅಭ್ಯಾಸಕ್ಕೆ ತಕ್ಕಂತೆ ಸ್ಪಷ್ಟವಾಗಿ, “ಹೊಲ ಬಿಟ್ಟು ನಾನೆಲ್ಲಿಗೆ ಹೋಗಲಿ” ಎಂದೆ. ನಂಜಮಣಿ ತಟ್ಟನೆ ನನ್ನ ಕಡೆ ತಿರುಗಿದಳು.

“ಅಂಗಲ್ಲ ಕಣಕ್ಕ. ಒಲ ಅನ್ನು. ಇಲ್ದಿದ್ರೆ ಉಸ್ರು ಅಲ್ಲೇ ಕಟ್ಕತದೆ.”

“ನಂಗೆ ಬರ್ತಿಲ್ಲ ನಂಜಮಣಿ,” ಎಂದೆ. “ನೀನೇ ಹೇಳಿಕೊಡು.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜೋಳದ ಹೊಲದ ಆ ತುದಿಯಲ್ಲಿರುವ ಹಂದಿಗೆ ಮೀಸಲಾಗಿದ್ದ ಆ ಗಂಟಲನ್ನು ತೆರೆದಳು.

ಅದನ್ನು ಹೇಗೆ ಹೇಳಲಿ? ಮೈಕಿಲ್ಲದ ಆ ದನಿ ಮೆಟ್ಟಿಲು ಮೆಟ್ಟಿಲಾಗಿ ರಂಗಮಂದಿರವನ್ನು ಹತ್ತಿ ಹಿಂದಿನ ಸಾಲನ್ನು ಮುಟ್ಟಿತು. ಗೊಣಗಾಟ ನಿಂತಿತು. ಎರಡನೆಯ ಸಲ ಅವಳು “ಒಲ ಬುಟ್ಟು” ಎಂದಾಗ ಮೂಗುಬಳೆಯ ಹುಡುಗಿ ಕೂಡಿಕೊಂಡಳು, ಮೂರನೆಯ ಸಲಕ್ಕೆ ಇಡೀ ಬಯಲು. ಸಾವಿರಾರು ಮಂದಿ, ಒಬ್ಬರ ಬಾಯಲ್ಲೂ ‘ಹ’ ಇಲ್ಲ. ಡ್ರಮ್ಮಿನವನು ಕಾಲಿನಲ್ಲಿ ಮೆಲ್ಲಗೆ ತಾಳ ಹಿಡಿದ. ಹಾಡುವವನು ಸತ್ತ ಮೈಕನ್ನು ಕೆಳಗಿಟ್ಟು ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತ. ಚರಣಗಳನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟು, ತಾನು ಜನರ ಜೊತೆ ಪಲ್ಲವಿ ಮಾತ್ರ ಹೇಳಿದ. ಮೂರು ಚರಣ, ಒಂದು ಅಕ್ಷರವೂ ತಪ್ಪಲಿಲ್ಲ. ನಾನು ಅವಳ ಪಕ್ಕದಲ್ಲಿ ನಿಂತು ಒಲ, ಒಲ ಎಂದು ಕಿರುಚುತ್ತಿದ್ದೆ. ಅಳುತ್ತಲೂ ಇದ್ದೆ ಎಂದು ಕಾಣುತ್ತದೆ, ಆ ಹುಡುಗಿ ತನ್ನ ಕರ್ಚೀಫು ಕೊಟ್ಟಳು.

ಕೊನೆಯ ಚರಣಕ್ಕೆ ಕರೆಂಟು ಬಂತು. ಹಾಡುವವನು ಕೆಳಗೆ ಹಾರಿ ಬಂದು ನಂಜಮಣಿಯ ಮುಂದೆ ಮೈಕು ಹಿಡಿದ. ಅವಳು ಹಾಡುತ್ತಲೇ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಮುಗಿದ ಮೇಲೆ ಎದ್ದ ಚಪ್ಪಾಳೆಯನ್ನು ನಾನು ವರ್ಣಿಸಲಾರೆ. ಅವನು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ, ಯಾವೂರವ್ವ ಎಂದ.

“ಪಣಕಳ್ಳಿ. ತಾಳವಾಡಿ ತಾವ,” ಎಂದಳು. ಆಮೇಲೆ ನನ್ನ ಭುಜದ ಮೇಲೆ ಕೈ ಹಾಕಿ ಸೇರಿಸಿದಳು. “ಇವ್ರು ನಮ್ಮಕ್ಕ. ಕನ್ನಡ ಮೇಡಮ್ಮು.” ಮತ್ತೊಮ್ಮೆ ಚಪ್ಪಾಳೆ ಬಿತ್ತು. ಅದು ನನಗೆ ಸಲ್ಲತಕ್ಕದ್ದಲ್ಲ ಎಂದು ತಿಳಿದೂ ಇಟ್ಟುಕೊಂಡೆ.

ಮಾರನೆಯ ದಿನ ನನ್ನ ದನಿ ಪೂರ್ತಿ ಬಿದ್ದುಹೋಗಿತ್ತು. ನಂಜಮಣಿಗೆ ಏನೂ ಆಗಿರಲಿಲ್ಲ. ಚಾಮರಾಜನಗರದಿಂದ ಮೊದಲ ಬಸ್ಸಿಗೆ ಊರು ಸೇರಿದವಳೇ ಹೊಲದಲ್ಲಿ ಹಾಡುತ್ತಿದ್ದಳು, ರಸ್ತೆಯಲ್ಲಿ ಎರಡು ಬೈಕು ನಿಂತಿದ್ದವು. ನಾನು ಆಸ್ಪತ್ರೆಗೆ ಹೋದೆ. ಡಾಕ್ಟರು ಟಾರ್ಚು ಹಾಕಿ ಗಂಟಲು ನೋಡಿ, ದಿನಕ್ಕೆ ಎಷ್ಟು ಪಾಠ ಮಾಡುತ್ತೀರಿ ಎಂದು ಕೇಳಿದರು. ಬೆರಳೆತ್ತಿ ಆರು ಎಂದು ತೋರಿಸಿದೆ. ಶಿಕ್ಷಕರ ಕಷ್ಟ ಯಾರಿಗೂ ಅರ್ಥವಾಗುವುದಿಲ್ಲ ಎಂದು ಅವರು ಬಹಳ ಮರುಗಿದರು. ಮಾತಾಡಬಾರದೆಂದು ಅವರೇ ಹೇಳಿದ್ದರಿಂದ ನಾನು ಏನನ್ನೂ ತಿದ್ದಲು ಹೋಗಲಿಲ್ಲ.

ತರಗತಿಯಲ್ಲಿ ಮೂರು ದಿನ ಪಿಸುಗುಟ್ಟಿಯೇ ಪಾಠ ಮಾಡಿದೆ. ಮೇಡಂ ಪಿಸುಗುಟ್ಟುವಾಗ ತಾವು ಗಟ್ಟಿಯಾಗಿ ಮಾತಾಡುವುದು ಹೇಗೆ ಎಂದು ಮಕ್ಕಳೂ ಪಿಸುಗುಟ್ಟತೊಡಗಿದರು. ಹಿಂದಿನ ಬೆಂಚಿನವರು ನನ್ನ ಮಾತು ಕೇಳಲೆಂದು ತಾವಾಗಿ ಮುಂದೆ ಬಂದು ನೆಲದ ಮೇಲೆ ಕೂತರು. ನಾಲ್ಕನೆಯ ದಿನ ದನಿ ಮರಳಿತು. ಬೆಳಿಗ್ಗೆ ಹಾಜರಿ ಕರೆಯಲು ಬಾಯಿ ತೆರೆದಾಗ ಅದು ಖಣಖಣನೆ ಹೊರಬಂತು. ಮುಂದೆ ಕೂತಿದ್ದ ಅಷ್ಟೂ ಮಕ್ಕಳ ಮುಖ ಸಪ್ಪಗಾಯಿತು. ನಾನು ಒಂದು ಸಲ ಕೆಮ್ಮಿ, ಇನ್ನೂ ಪೂರ್ತಿ ಗುಣವಾಗಿಲ್ಲ ಎಂದು ಅವರಿಗೆ ಪಿಸುಗುಟ್ಟಿದೆ.